ಖುಲಾಸೆಯಾದರೂ 'ಬಾಕಿ': ಕೋರ್ಟಿನ ಕ್ರಿಮಿನಲ್ ದತ್ತಾಂಶ ಎಲ್ಲಿ ತುಂಡಾಗುತ್ತದೆ?

ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ, ಅಂದರೆ ಎನ್‌ಸಿಆರ್‌ಬಿ, 2023ನೇ ಸಾಲಿನ ಅಪರಾಧ ವರದಿಯನ್ನು ಹೊರತಂದದ್ದು 2025ರ ಸೆಪ್ಟೆಂಬರ್ ಕೊನೆಗೆ. ಆ ವರದಿಯ ಅಂಕಿಗಳನ್ನು ಮುಂದಿಟ್ಟುಕೊಂಡು ಫೋನಿನಲ್ಲಿ ರಾಷ್ಟ್ರೀಯ ನ್ಯಾಯಾಂಗ ದತ್ತಾಂಶ ಜಾಲವನ್ನು ತೆರೆದು ನೋಡಿದರೆ ಯಾರಿಗಾದರೂ ಗೊಂದಲವಾಗುತ್ತದೆ. ಒಂದು ಕಡೆ ಎರಡು ವರ್ಷದಷ್ಟು ಹಳೆಯ ಲೆಕ್ಕ, ಇನ್ನೊಂದು ಕಡೆ ನಿನ್ನೆ ಸಂಜೆಯವರೆಗಿನ ಲೆಕ್ಕ. ದಾವಣಗೆರೆ ಜಿಲ್ಲೆಯಲ್ಲಿ ವಿಚಾರಣೆಗೆ ಬಾಕಿ ಇರುವ ಕ್ರಿಮಿನಲ್ ಕೇಸು ಎಷ್ಟು ಎಂದು ಕೇಳಿದರೆ ಪೊಲೀಸರ ಪುಸ್ತಕ ಹೇಳುವ ಸಂಖ್ಯೆ ಒಂದು, ಕೋರ್ಟಿನ ಪರದೆ ತೋರಿಸುವ ಸಂಖ್ಯೆ ಇನ್ನೊಂದು. ಇಬ್ಬರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಇಬ್ಬರೂ ಎಣಿಸುತ್ತಿರುವ ವಸ್ತುವೇ ಬೇರೆ.

ಇದರ ಜೊತೆಗೆ, ದೇಶದ ಎಲ್ಲ ಕೋರ್ಟುಗಳ ಕ್ರಿಮಿನಲ್ ಕೇಸಿನ ಮಾಹಿತಿ ಪೊಲೀಸರ ಜಾಲಕ್ಕೆ ಜೋಡಣೆಯಾಗುತ್ತಿದೆ ಎಂಬ ಸುದ್ದಿಯೂ ಆಗಾಗ ಬರುತ್ತಿದೆ. ಇನ್ನು ಮುಂದೆ ಕೇಸು ಬೇಗ ಮುಗಿಯುತ್ತದೆ ಎಂದು ಕೆಲವರು ನಂಬಿದ್ದಾರೆ. ಒಮ್ಮೆ ಹೆಸರು ಹತ್ತಿತೆಂದರೆ ಜನ್ಮಪೂರ್ತಿ ಹೋಗುವುದಿಲ್ಲ ಎಂದು ಕೆಲವರು ಹೆದರಿದ್ದಾರೆ. ನಂಬಿಕೆಗೂ ಹೆದರಿಕೆಗೂ ಕಾರಣವಿದೆ. ಅದು ತಿಳಿಯಬೇಕಾದರೆ ಮಾಹಿತಿ ಹರಿಯುವ ದಾರಿಯನ್ನು ಮೊದಲು ನೋಡಬೇಕು.

ಎರಡು ದಾರಿ, ಎರಡು ಲೆಕ್ಕ

ಎನ್‌ಸಿಆರ್‌ಬಿ ಶುರುವಾದದ್ದು 1986ರಲ್ಲಿ, ಕೇಂದ್ರ ಗೃಹ ಸಚಿವಾಲಯದ ಅಡಿಯಲ್ಲಿ. ಅದರ ಲೆಕ್ಕ ಹುಟ್ಟುವುದು ಪೊಲೀಸ್ ಠಾಣೆಯಲ್ಲಿ. ಅಲ್ಲಿಂದ ಎಸ್‌ಪಿ ಕಚೇರಿಯ ಜಿಲ್ಲಾ ಅಪರಾಧ ದಾಖಲೆ ವಿಭಾಗಕ್ಕೆ, ಅಲ್ಲಿಂದ ಬೆಂಗಳೂರಿಗೆ, ಕೊನೆಗೆ ದೆಹಲಿಗೆ. ಆ ವರದಿಯಲ್ಲಿ ಕೋರ್ಟಿನ ತೀರ್ಪಿನ ಕೋಷ್ಟಕಗಳೂ ಇವೆ: ಎಷ್ಟು ಕೇಸಿನಲ್ಲಿ ಶಿಕ್ಷೆ, ಎಷ್ಟರಲ್ಲಿ ಖುಲಾಸೆ, ಎಷ್ಟು ಬಾಕಿ. ಆದರೆ ಆ ಅಂಕಿಗಳನ್ನು ಕೊಟ್ಟದ್ದು ಕೋರ್ಟಲ್ಲ, ಪೊಲೀಸರೇ. ಠಾಣೆಯಿಂದ ಕೋರ್ಟ್ ಡ್ಯೂಟಿಗೆ ಹೋಗುವ ಪೇದೆ ಬರೆದುಕೊಂಡು ಬಂದ ಫಲಿತಾಂಶ ಠಾಣೆಯ ದಾಖಲೆಗೆ ಏರಿದರೆ ದೆಹಲಿಯ ಪುಸ್ತಕಕ್ಕೂ ಏರುತ್ತದೆ. ಅವರು ಬರೆಯದಿದ್ದರೆ ತೀರ್ಪು ಬಂದು ವರ್ಷವಾದರೂ ಆ ಕೇಸು 'ವಿಚಾರಣೆಯಲ್ಲಿದೆ' ಎಂದೇ ಉಳಿಯುತ್ತದೆ.

ಎರಡನೆಯ ದಾರಿ ಕೋರ್ಟಿನದು. ಕೋರ್ಟುಗಳನ್ನು ಗಣಕೀಕರಿಸುವ ಇ-ಕೋರ್ಟ್ಸ್ ಯೋಜನೆಯಲ್ಲಿ ಕೇಂದ್ರ ಸರ್ಕಾರದ ಎನ್‌ಐಸಿ ಸಂಸ್ಥೆ ಸಿದ್ಧಪಡಿಸಿದ ಸಿಐಎಸ್ ಎಂಬ ತಂತ್ರಾಂಶ ಈಗ ತಾಲ್ಲೂಕು ಕೋರ್ಟುಗಳವರೆಗೂ ಇದೆ. ಹರಿಹರವಾಗಲಿ, ಚಳ್ಳಕೆರೆಯಾಗಲಿ, ಅವತ್ತಿನ ಕಲಾಪವನ್ನು ಕೋರ್ಟ್ ಸಿಬ್ಬಂದಿ ಅದರಲ್ಲಿ ತುಂಬುತ್ತಾರೆ: ಮುಂದಿನ ವಾಯಿದೆ ಯಾವತ್ತು, ಯಾವ ಹಂತ, ಯಾಕೆ ಮುಂದಕ್ಕೆ ಹೋಯಿತು. ಇವೆಲ್ಲ ಸೇರಿ 2015ರಲ್ಲಿ ಸಾರ್ವಜನಿಕರಿಗೆ ತೆರೆದ ನ್ಯಾಯಾಂಗ ದತ್ತಾಂಶ ಜಾಲದಲ್ಲಿ ಕಾಣುತ್ತವೆ. ಜಿಲ್ಲಾ ಮತ್ತು ತಾಲ್ಲೂಕು ಕೋರ್ಟುಗಳಲ್ಲಿ ದೇಶದಾದ್ಯಂತ ನಾಲ್ಕೂವರೆ ಕೋಟಿಗೂ ಹೆಚ್ಚು ಕೇಸು ಬಾಕಿ, ಅದರಲ್ಲಿ ಸುಮಾರು ಮುಕ್ಕಾಲು ಪಾಲು ಕ್ರಿಮಿನಲ್ ಎಂಬ ಮಾತು ಬರುವುದು ಈ ಜಾಲದಿಂದ.

ಎರಡರ ನಡುವೆ ಹೊಂದಾಣಿಕೆ ಇಲ್ಲದಿರುವುದಕ್ಕೆ ಮೊದಲ ಕಾರಣ 'ಕ್ರಿಮಿನಲ್' ಎಂಬ ಪದವೇ. ಚೆಕ್ ಬೌನ್ಸ್ ಕೇಸು ಕೋರ್ಟಿನ ಲೆಕ್ಕದಲ್ಲಿ ಕ್ರಿಮಿನಲ್. ಅದು ಖಾಸಗಿ ದೂರು, ಎಫ್‌ಐಆರ್ ಇರುವುದಿಲ್ಲ. ಹಾಗಾಗಿ ಪೊಲೀಸರ ಪುಸ್ತಕದಲ್ಲಿ ಅದಕ್ಕೆ ಜಾಗವೇ ಇಲ್ಲ. ದಾವಣಗೆರೆಯಂಥ ವ್ಯಾಪಾರದ ಊರಿನಲ್ಲಿ, ಮಂಡಿ, ಫೈನಾನ್ಸ್, ಕೈಸಾಲದ ವ್ಯವಹಾರವೆಲ್ಲ ಚೆಕ್ಕಿನ ಮೇಲೆ ನಡೆಯುವಲ್ಲಿ, ಈ ಒಂದು ಬಗೆಯ ಕೇಸೇ ಎರಡೂ ಲೆಕ್ಕಗಳನ್ನು ದೂರ ದೂರ ತಳ್ಳುತ್ತದೆ. ಎರಡನೆಯದು ಎನ್‌ಸಿಆರ್‌ಬಿಯ 'ಪ್ರಧಾನ ಅಪರಾಧ' ನಿಯಮ. ಒಂದೇ ಎಫ್‌ಐಆರ್‌ನಲ್ಲಿ ಕೊಲೆ, ದರೋಡೆ, ಅಕ್ರಮ ಪ್ರವೇಶ ಮೂರೂ ಇದ್ದರೆ ಅತಿ ಗಂಭೀರವಾದ ಕೊಲೆ ಮಾತ್ರ ಎಣಿಕೆಗೆ ಬರುತ್ತದೆ.

ವರ್ಷದಿಂದ ವರ್ಷಕ್ಕೆ ಹೋಲಿಸುವವರಿಗೆ ಇನ್ನೊಂದು ಎಚ್ಚರಿಕೆ. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಆಗ ಸೇರಿದ ಹರಪನಹಳ್ಳಿ ತಾಲ್ಲೂಕು ಆಮೇಲೆ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಯ ಪಾಲಾಯಿತು. ದಾವಣಗೆರೆಯ ಹಳೆಯ ಅಂಕಿಯಲ್ಲಿ ಹರಪನಹಳ್ಳಿ ಇದೆ, ಹೊಸದರಲ್ಲಿ ಇಲ್ಲ. ಅದನ್ನು ಗಮನಿಸದೆ 'ಜಿಲ್ಲೆಯಲ್ಲಿ ಅಪರಾಧ ಇಳಿಮುಖ' ಎಂದು ಬರೆದರೆ ತಪ್ಪಾಗುತ್ತದೆ.

ಒಂದು ಹೊಡೆದಾಟ, ನಾಲ್ಕು ನಂಬರು

ಎಣಿಕೆ ಹೇಗೆ ಹಿಗ್ಗುತ್ತದೆ ಎಂಬುದಕ್ಕೆ ಒಂದು ಕಲ್ಪಿತ ಪ್ರಕರಣ ನೋಡೋಣ. ಜಮೀನಿನ ಬದುವಿನ ಜಗಳ, ಒಂಬತ್ತು ಆರೋಪಿಗಳು, ಕೊಲೆ ಯತ್ನದ ಆರೋಪ. ಠಾಣೆಯಲ್ಲಿ ಎಫ್‌ಐಆರ್ ಆದ ಕೂಡಲೇ ಅದಕ್ಕೊಂದು ಕ್ರೈಂ ನಂಬರ್ ಬೀಳುತ್ತದೆ. ಚಾರ್ಜ್‌ಶೀಟ್ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಬಂದು ನೋಂದಣಿಯಾದಾಗ ಸಿಸಿ ನಂಬರ್. ಇಬ್ಬರು ಆರೋಪಿಗಳು ತಲೆಮರೆಸಿಕೊಂಡಿದ್ದಾರೆ, ಅವರಿಗಾಗಿ ಉಳಿದವರ ವಿಚಾರಣೆ ನಿಲ್ಲಬಾರದು ಎಂದು ಅವರ ಮೇಲಿನ ಕೇಸನ್ನು ಬೇರ್ಪಡಿಸುತ್ತಾರೆ. ಇದೇ ಸ್ಪ್ಲಿಟ್ ಅಪ್. ಅದಕ್ಕೆ ಇನ್ನೊಂದು ಸಿಸಿ ನಂಬರ್. ಕೊಲೆ ಯತ್ನ ಸೆಷನ್ಸ್ ಕೋರ್ಟ್ ವಿಚಾರಿಸಬೇಕಾದ ಅಪರಾಧ, ಆದ್ದರಿಂದ ಉಳಿದ ಏಳು ಮಂದಿಯ ಕೇಸು ಅಲ್ಲಿಗೆ ಕಮಿಟ್ ಆಗುತ್ತದೆ, ಅಂದರೆ ವಿಚಾರಣೆಗೆ ಒಪ್ಪಿಸಲ್ಪಡುತ್ತದೆ. ಅಲ್ಲಿ ಎಸ್‌ಸಿ, ಅಂದರೆ ಸೆಷನ್ಸ್ ಕೇಸ್ ನಂಬರ್.

ಕೇಸು ಸೆಷನ್ಸ್‌ಗೆ ಕಮಿಟ್ ಆದ ದಿನ ಮ್ಯಾಜಿಸ್ಟ್ರೇಟ್ ಕೋರ್ಟಿನ ಸಿಸಿ ನಂಬರ್ 'ವಿಲೇವಾರಿ' ಎಂದು ಮುಚ್ಚುತ್ತದೆ. ಒಬ್ಬ ಸಾಕ್ಷಿಯೂ ಬಾಯಿ ಬಿಟ್ಟಿಲ್ಲ, ಆದರೆ ಒಂದು ಕೇಸು ಮುಗಿದ ಲೆಕ್ಕ. ಸೆಷನ್ಸ್‌ನಲ್ಲಿ ಅದೇ ದಿನ ಒಂದು 'ಹೊಸ' ಕೇಸು ಹುಟ್ಟಿದ ಲೆಕ್ಕ. ಬಾಕಿ ಸಂಖ್ಯೆ ಸರಿಯಾಗಿಯೇ ಇರುತ್ತದೆ, ಆದರೆ ದಾಖಲಾದ ಮತ್ತು ವಿಲೇವಾರಿಯಾದ ಸಂಖ್ಯೆ ಎರಡೂ ಊದಿಕೊಳ್ಳುತ್ತವೆ. ಇತ್ತ ತಲೆಮರೆಸಿಕೊಂಡ ಇಬ್ಬರ ಕೇಸು ವಾರಂಟ್ ಮೇಲೆ ವಾರಂಟ್ ಹೋಗಿ, ಯಾರೂ ಸಿಗದೆ, ಎಲ್‌ಪಿಸಿ ಅಂದರೆ ದೀರ್ಘಕಾಲ ಬಾಕಿ ಕೇಸುಗಳ ಪಟ್ಟಿಗೆ ಸೇರುತ್ತದೆ. ಪೊಲೀಸರ ಲೆಕ್ಕದಲ್ಲಿ ಇವೆಲ್ಲ ಸೇರಿ ಒಂದೇ ಪ್ರಕರಣ.

ಶಿಕ್ಷೆಯ ಪ್ರಮಾಣ ಎಂಬ ಅಂಕಿ

ಸುದ್ದಿಯಲ್ಲಿ ಹೆಚ್ಚು ಓಡಾಡುವುದು ಶಿಕ್ಷೆಯ ಪ್ರಮಾಣ. ವಿಚಾರಣೆ ಪೂರ್ಣಗೊಂಡ ಕೇಸುಗಳ ಪೈಕಿ ಎಷ್ಟರಲ್ಲಿ ಶಿಕ್ಷೆಯಾಯಿತು ಎಂಬುದೇ ಇದು. ಒಂದು ಕೋರ್ಟಿನಲ್ಲಿ 1,000 ಕೇಸು ಇದ್ದು, ವರ್ಷದಲ್ಲಿ 80 ಕೇಸಿನ ವಿಚಾರಣೆ ಮುಗಿದು, 40ರಲ್ಲಿ ಶಿಕ್ಷೆಯಾದರೆ ಪ್ರಮಾಣ ಶೇ 50. ಉಳಿದ 920 ಕೇಸು ಈ ಲೆಕ್ಕದ ಹೊರಗಿವೆ. ರಾಜಿಯಾದದ್ದು, ಸರ್ಕಾರ ಹಿಂಪಡೆದದ್ದು, ಹೈಕೋರ್ಟ್ ರದ್ದುಪಡಿಸಿದ್ದು ಕೂಡ ಹೊರಗೇ, ಅವಕ್ಕೆ 'ವಿಚಾರಣೆ ಇಲ್ಲದೆ ವಿಲೇವಾರಿ' ಎಂಬ ಬೇರೆ ಕಾಲಂ. ಆದರೆ ಅತಿವೇಗದ ಚಾಲನೆಗೆ ತಪ್ಪೊಪ್ಪಿಕೊಂಡು ಒಂದು ಸಾವಿರ ರೂಪಾಯಿ ದಂಡ ಕಟ್ಟಿ ಹೋದದ್ದು ಶಿಕ್ಷೆಯೆಂದೇ ಎಣಿಕೆಯಾಗುತ್ತದೆ. ಹಿರಿಯೂರಿನಿಂದ ಹರಿಹರದವರೆಗೆ ರಾಷ್ಟ್ರೀಯ ಹೆದ್ದಾರಿ 48 ಹಾದುಹೋಗುವ ಜಿಲ್ಲೆಗಳಲ್ಲಿ ಇಂಥ ಕೇಸು ಸಹಜವಾಗಿಯೇ ಇರುತ್ತವೆ. ಒಟ್ಟಾರೆ ಶಿಕ್ಷೆಯ ಪ್ರಮಾಣ ನೋಡಿ ಪೊಲೀಸರನ್ನು ಹೊಗಳುವುದಾಗಲಿ, ಸರ್ಕಾರಿ ವಕೀಲರನ್ನು ತೆಗಳುವುದಾಗಲಿ ಬೇಡ. ಅಪರಾಧದ ಬಗೆವಾರು ನೋಡಿದರೆ ಮಾತ್ರ ಅದು ಏನಾದರೂ ಹೇಳುತ್ತದೆ.

ಎರಡು ದಾರಿ ಸೇರಿಸುವ ಸೇತುವೆ

ಪೊಲೀಸ್, ಕೋರ್ಟ್, ಜೈಲು, ವಿಧಿವಿಜ್ಞಾನ ಪ್ರಯೋಗಾಲಯ, ಸರ್ಕಾರಿ ಅಭಿಯೋಜನೆ ಈ ಐದನ್ನೂ ಜೋಡಿಸುವ ವ್ಯವಸ್ಥೆಯೇ ಐಸಿಜೆಎಸ್. ಇದರ ಎರಡನೇ ಹಂತಕ್ಕೆ 2022ರಲ್ಲಿ ಕೇಂದ್ರ ಒಪ್ಪಿದ ಮೊತ್ತ 3,375 ಕೋಟಿ ರೂಪಾಯಿ, ಅವಧಿ 2025-26ರವರೆಗೆ, ಹೊಣೆ ಎನ್‌ಸಿಆರ್‌ಬಿಯದು. ಕೋರ್ಟುಗಳ ಕಡೆಯಿಂದ ಇ-ಕೋರ್ಟ್ಸ್ ಮೂರನೇ ಹಂತಕ್ಕೆ 2023ರ ಸೆಪ್ಟೆಂಬರ್‌ನಲ್ಲಿ 7,210 ಕೋಟಿ ಮಂಜೂರಾಗಿದೆ. 'ಒಂದು ದತ್ತಾಂಶ, ಒಂದೇ ನಮೂದು' ಎಂಬುದು ಘೋಷವಾಕ್ಯ. ಠಾಣೆಯಲ್ಲಿ ಟೈಪ್ ಮಾಡಿದ ಎಫ್‌ಐಆರ್ ವಿವರವನ್ನು ಕೋರ್ಟಿನವರು ಮತ್ತೆ ಟೈಪ್ ಮಾಡದೆ ಎಳೆದುಕೊಳ್ಳಬೇಕು. ಕೋರ್ಟಿನ ಆದೇಶ ಜೈಲಿಗೂ ಠಾಣೆಗೂ ತಾನಾಗಿ ಕಾಣಬೇಕು.

ಸೇತುವೆ ನಿಂತಿರುವುದು ಮೂರು ಅಂಶಗಳ ಮೇಲೆ: ಠಾಣೆಯ ಸಂಕೇತ, ಎಫ್‌ಐಆರ್ ಸಂಖ್ಯೆ, ವರ್ಷ. ಮೂರೂ ಎರಡೂ ಕಡೆ ಒಂದೇ ಆಗಿದ್ದರೆ ಕೇಸು ಜೋಡಣೆಯಾಗುತ್ತದೆ. ಕರ್ನಾಟಕ ಪೊಲೀಸರು ಬಳಸುವುದು ತಮ್ಮದೇ 'ಪೊಲೀಸ್ ಐಟಿ' ತಂತ್ರಾಂಶವನ್ನು, ಕೋರ್ಟಿನ ಸಿಐಎಸ್ ಬೇರೆಯೇ. ಒಂದರ ಠಾಣಾ ಸಂಕೇತಕ್ಕೆ ಇನ್ನೊಂದರ ಸಂಕೇತವನ್ನು ತಾಳೆ ಹಾಕಿರಬೇಕು. ಗ್ರಾಮಾಂತರ ಠಾಣೆಯ ಕೇಸನ್ನು ಪಟ್ಟಿಯಿಂದ ಆರಿಸುವಾಗ ಒಂದು ಸಾಲು ಮೇಲೆ ಒತ್ತಿ ನಗರ ಠಾಣೆ ಎಂದು ಬಿದ್ದರೆ ಕೊಂಡಿ ತಪ್ಪಿತು. ಡಿಸೆಂಬರ್ 30ರ ಎಫ್‌ಐಆರ್‌ಗೆ ಚಾರ್ಜ್‌ಶೀಟ್ ಮಾರ್ಚ್‌ನಲ್ಲಿ ಬಂದಾಗ ಎಫ್‌ಐಆರ್ ವರ್ಷದ ಜಾಗದಲ್ಲಿ ಚಾರ್ಜ್‌ಶೀಟ್ ವರ್ಷ ತುಂಬಿದರೂ ತಪ್ಪಿತು.

2024ರ ಜುಲೈ 1ರಿಂದ ಇನ್ನೊಂದು ಅಪಾಯ ಸೇರಿಕೊಂಡಿದೆ. ಆ ದಿನ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂತು. ಅದಕ್ಕೂ ಮೊದಲು ನಡೆದ ಕೃತ್ಯಗಳಿಗೆ ಹಳೆಯ ಐಪಿಸಿಯೇ ಅನ್ವಯ, ಹಾಗಾಗಿ ಬಹಳ ವರ್ಷ ಎರಡೂ ಕಾನೂನು ಒಂದೇ ಕೋರ್ಟಿನಲ್ಲಿ ಜೊತೆಜೊತೆಗೆ ನಡೆಯುತ್ತವೆ. ಐಪಿಸಿ 302 ಎಂದರೆ ಕೊಲೆ. ನ್ಯಾಯ ಸಂಹಿತೆಯಲ್ಲಿ ಕೊಲೆಗೆ 103, ಅದರ 302 ಎಂದರೆ ಧಾರ್ಮಿಕ ಭಾವನೆಗೆ ನೋವುಂಟುಮಾಡುವ ಮಾತು. ಸಿಬ್ಬಂದಿ ರೂಢಿಯ ಮೇಲೆ 302 ಎಂದು ಸರಿಯಾಗಿಯೇ ಒತ್ತಿ, ಪಕ್ಕದ ಕಾಲಂನಲ್ಲಿ ಕಾಯ್ದೆಯ ಹೆಸರನ್ನು ತಪ್ಪಾಗಿ ಆರಿಸಿದರೆ ಕೊಲೆ ಕೇಸು ಮಾತಿನ ಕೇಸಾಗುತ್ತದೆ. 420 ಎಂದು ಒತ್ತಿದರೆ ತಂತ್ರಾಂಶವೇ ತಡೆಯಬಹುದು, ಏಕೆಂದರೆ ಹೊಸ ಸಂಹಿತೆಯಲ್ಲಿ ಇರುವುದು 358 ಕಲಂ ಮಾತ್ರ. 302ನ್ನು ತಡೆಯುವ ಉಪಾಯ ಅದಕ್ಕಿಲ್ಲ.

ಮೂರನೆಯದು ಹೆಸರು. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ಸೀಮೆಯಿದು. ಚಿತ್ರದುರ್ಗ, ಜಗಳೂರು, ಚಳ್ಳಕೆರೆ ಕಡೆ ತಿಪ್ಪೇಸ್ವಾಮಿ, ತಿಪ್ಪೇಶ, ತಿಪ್ಪೇರುದ್ರಪ್ಪ ಎಂಬ ಹೆಸರು ಮನೆಗೊಂದು. ಇಂಗ್ಲಿಷಿನಲ್ಲಿ ಬರೆಯುವಾಗ ಮೊದಲ ಅಕ್ಷರದ ಜೊತೆ ಎಚ್ ಸೇರಿಸುವವರುಂಟು, ಬಿಡುವವರುಂಟು. ಕೊನೆಗೆ ವೈ ಹಾಕುವವರುಂಟು, ಐ ಹಾಕುವವರುಂಟು. ತಂದೆಯ ಹೆಸರೂ ಅದೇ ಬಳಗದ್ದು. ಊರು ಗೊಲ್ಲರಹಟ್ಟಿ ಎಂದಿದ್ದರೆ ಅದೂ ಒಂದಲ್ಲ, ಹಲವು. ಹೆಸರಿನ ಮೇಲೆ ಹುಡುಕಿದರೆ ಒಬ್ಬನ ಕೇಸು ಇನ್ನೊಬ್ಬನ ಲೆಕ್ಕಕ್ಕೆ ಸೇರುವುದು ಇಲ್ಲಿ ತೀರಾ ಸುಲಭ. ವಯಸ್ಸು, ಪೂರ್ಣ ವಿಳಾಸ, ತಂದೆ-ತಾಯಿ ಹೆಸರು ತಾಳೆಯಾಗದೆ ಹೆಸರೊಂದನ್ನೇ ನಂಬಿ ವರದಿ ಕೊಡುವುದು ನಿಲ್ಲಬೇಕು.

ಶುರುವಿಗೆ ಗಡಿಯಾರ ಇದೆ, ಕೊನೆಗೆ ಇಲ್ಲ

ಇಡೀ ವ್ಯವಸ್ಥೆಯ ದೊಡ್ಡ ದೋಷ ಇಲ್ಲಿದೆ. ಕೇಸಿನ ಆರಂಭದ ಮಾಹಿತಿಗೆ ಕಾನೂನಿನ ಒತ್ತಡ ಬಲವಾಗಿದೆ. ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದ ಎಫ್‌ಐಆರ್‌ಗಳು 24 ಗಂಟೆಯೊಳಗೆ ಪೊಲೀಸ್ ಜಾಲತಾಣದಲ್ಲಿ ಕಾಣಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿತು, ಸಂಪರ್ಕ ಕಷ್ಟವಿರುವ ಕಡೆ ಮಾತ್ರ 72 ಗಂಟೆಯವರೆಗೆ ವಿನಾಯಿತಿ. ಆರೋಪಿ ಬಂಧನದಲ್ಲಿದ್ದರೆ 60 ಅಥವಾ 90 ದಿನದೊಳಗೆ ಚಾರ್ಜ್‌ಶೀಟ್ ಹಾಕದಿದ್ದರೆ ಜಾಮೀನು ಅವನ ಹಕ್ಕಾಗುತ್ತದೆ, ಹಾಗಾಗಿ ತನಿಖಾಧಿಕಾರಿ ದಿನ ಎಣಿಸುತ್ತಲೇ ಇರುತ್ತಾರೆ. ಆದರೆ ಖುಲಾಸೆಯಾದ ಮೇಲೆ ಪೊಲೀಸ್ ದಾಖಲೆಯಲ್ಲಿ ಅದನ್ನು ಇಷ್ಟು ದಿನದೊಳಗೆ ನಮೂದಿಸಬೇಕು ಎಂಬ ಗಡುವು ಹಳೆಯ ಸಿಆರ್‌ಪಿಸಿ ಬದಲಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಇಲ್ಲ. ಗಡುವು ಇಲ್ಲದ ಕೆಲಸ ಯಾವ ಕಚೇರಿಯಲ್ಲಾದರೂ ಕೊನೆಗೆ ಉಳಿಯುತ್ತದೆ. ಕೋರ್ಟ್ ಡ್ಯೂಟಿಯ ಪೇದೆಗೆ ಅವತ್ತೇ ಸಮನ್ಸ್ ಜಾರಿ, ಸಾಕ್ಷಿ ಕರೆತರುವುದು, ಮುದ್ದೆಮಾಲು ಹಾಜರುಪಡಿಸುವುದು ಎಲ್ಲವೂ ಇರುತ್ತದೆ.

ಇದರ ಬೆಲೆ ತೆರುವವರು ಯಾರು ಎಂಬುದಕ್ಕೆ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ ನೋಡಿ. ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲ ಜೈಲಿನಲ್ಲಿ ಕಳೆದ ವಿಚಾರಣಾಧೀನ ಕೈದಿಯನ್ನು ಜಾಮೀನಿನ ಮೇಲೆ ಬಿಡಬೇಕು. ಹಿಂದೆಂದೂ ಶಿಕ್ಷೆಯಾಗದವನಿಗೆ ಮೂರನೇ ಒಂದು ಭಾಗ ಸಾಕು. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಅಪರಾಧಗಳಿಗೆ ಇದು ಅನ್ವಯಿಸದು. ಸಾಧಾರಣ ಕಳವಿಗೆ ಗರಿಷ್ಠ ಮೂರು ವರ್ಷ, ಅಂದರೆ ಮೊದಲ ಬಾರಿಯವನಿಗೆ ಒಂದು ವರ್ಷ, ಉಳಿದವರಿಗೆ ಒಂದೂವರೆ ವರ್ಷ. ಅರ್ಜಿ ಹಾಕುವ ಹೊಣೆ ಜೈಲು ಅಧೀಕ್ಷಕರದು. ಹೊಸ ಸಂಹಿತೆಗಿಂತ ಹಿಂದಿನ ಕೈದಿಗಳಿಗೂ ಇದು ಸಲ್ಲುತ್ತದೆ ಎಂದು 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಆದರೆ ಅದೇ ಕಲಂನ ಎರಡನೇ ಉಪಕಲಂ, ಒಂದಕ್ಕಿಂತ ಹೆಚ್ಚು ಕೇಸು ಬಾಕಿ ಇದ್ದವನಿಗೆ ಈ ಸೌಲಭ್ಯ ಇಲ್ಲ ಎನ್ನುತ್ತದೆ. ಐದು ವರ್ಷದ ಹಿಂದೆ ಇನ್ನೊಂದು ತಾಲ್ಲೂಕಿನ ಕೋರ್ಟಿನಲ್ಲಿ ಖುಲಾಸೆಯಾದ ಕೇಸು ಪೊಲೀಸರ ಪರದೆಯ ಮೇಲೆ 'ಬಾಕಿ' ಎಂದೇ ನಿಂತಿದ್ದರೆ ಏನಾಗುತ್ತದೆ? ಕೈದಿ ಎರಡು ಕೇಸಿನವನಾಗುತ್ತಾನೆ. ಅವನ ಹೆಸರು ಬಿಡುಗಡೆಯ ಪಟ್ಟಿಗೇ ಬರುವುದಿಲ್ಲ. ವಕೀಲರಿಲ್ಲದ ಬಡವನಾದರೆ ಯಾಕೆ ಬರಲಿಲ್ಲ ಎಂಬುದೂ ಅವನಿಗೆ ತಿಳಿಯುವುದಿಲ್ಲ.

ಪಾಸ್‌ಪೋರ್ಟ್ ವಿಷಯವೂ ಹೀಗೆಯೇ. ಕೋರ್ಟಿನಲ್ಲಿ ಕ್ರಿಮಿನಲ್ ಕೇಸು ಬಾಕಿ ಇದ್ದರೆ ಪಾಸ್‌ಪೋರ್ಟ್ ತಡೆಯಲು 1967ರ ಕಾಯ್ದೆಯಲ್ಲಿ ಅವಕಾಶವಿದೆ. ಬರೀ ಎಫ್‌ಐಆರ್ ಇದ್ದು ಕೋರ್ಟ್ ಇನ್ನೂ ಅದನ್ನು ವಿಚಾರಣೆಗೆ ಪರಿಗಣಿಸದಿದ್ದರೆ (ಕಾಗ್ನಿಜೆನ್ಸ್ ಪಡೆಯದಿದ್ದರೆ) ಅದು ಬಾಕಿ ಕೇಸಲ್ಲ ಎಂದು ವಿದೇಶಾಂಗ ಸಚಿವಾಲಯ 2019ರಲ್ಲೇ ಹೇಳಿದೆ. ಆ ವ್ಯತ್ಯಾಸ ಪರಿಶೀಲನೆಗೆ ಬರುವವರ ಪರದೆಯಲ್ಲಿ ಕಾಣದಿದ್ದರೆ ಪ್ರತಿಕೂಲ ವರದಿ ಹೋಗುತ್ತದೆ. 2022ರ ಕ್ರಿಮಿನಲ್ ಪ್ರಕ್ರಿಯೆ (ಗುರುತಿಸುವಿಕೆ) ಕಾಯ್ದೆಯಂತೆ ಬೆರಳಚ್ಚು, ಕಣ್ಣಿನ ಪಾಪೆಯಂಥ ಅಳತೆಗಳು ಎನ್‌ಸಿಆರ್‌ಬಿಯಲ್ಲಿ 75 ವರ್ಷ ಇರುತ್ತವೆ. ಹಿಂದೆ ಶಿಕ್ಷೆಯಾಗದವನು ಅಂತಿಮವಾಗಿ ಖುಲಾಸೆಯಾದರೆ, ಕೋರ್ಟ್ ಅಥವಾ ಮ್ಯಾಜಿಸ್ಟ್ರೇಟ್ ಬೇರೆ ಆದೇಶ ಮಾಡದ ಹೊರತು, ಅಳಿಸಬೇಕು. ಖುಲಾಸೆಯ ಸುದ್ದಿಯೇ ಅಲ್ಲಿಗೆ ತಲುಪದಿದ್ದರೆ ಅಳಿಸುವವರು ಯಾರು?

ಯಾರ ವಾದ ಏನು

ಗೃಹ ಇಲಾಖೆಯ ವಾದ ಸರಳ. ಒಂದು ಜಿಲ್ಲೆಯಲ್ಲಿ ವಾರಂಟ್ ಇರುವವನು ಇನ್ನೊಂದು ಜಿಲ್ಲೆಯಲ್ಲಿ ಸಿಕ್ಕಿಬಿದ್ದಾಗ ಅಲ್ಲೇ ಗೊತ್ತಾಗಬೇಕು. ಎಲ್‌ಪಿಸಿ ಪಟ್ಟಿಯಲ್ಲಿ ಕೊಳೆಯುವ ಕೇಸುಗಳನ್ನು ನೋಡಿದರೆ ಇದನ್ನು ತಳ್ಳಿಹಾಕಲಾಗದು. ಹೊರರಾಜ್ಯದ ಲಾರಿ ಚಾಲಕ ಅಪಘಾತ ಮಾಡಿ, ಜಾಮೀನು ಪಡೆದು, ಮತ್ತೆ ಮುಖ ತೋರಿಸದ ಕೇಸಿಗೆ ಈಗಿನ ಪದ್ಧತಿಯಲ್ಲಿ ಉತ್ತರವಿಲ್ಲ.

ನ್ಯಾಯಾಂಗದ ನಿಲುವು ಸಂವಿಧಾನದ ಮೇಲೆ ನಿಂತಿದೆ. ಅಧೀನ ನ್ಯಾಯಾಲಯಗಳಿಂದ ಲೆಕ್ಕ ತರಿಸುವ ಅಧಿಕಾರ 227ನೇ ವಿಧಿಯಂತೆ ಹೈಕೋರ್ಟಿನದು, ಅವುಗಳ ಮೇಲಿನ ನಿಯಂತ್ರಣವೂ 235ನೇ ವಿಧಿಯಂತೆ ಹೈಕೋರ್ಟಿನದೇ. ಸರ್ಕಾರವೇ ಬಹುಪಾಲು ಕ್ರಿಮಿನಲ್ ಕೇಸುಗಳ ಒಂದು ಕಕ್ಷಿದಾರ. ಆ ಕಕ್ಷಿದಾರನ ಕೈಗೆ ಕೋರ್ಟಿನ ಕೀಲಿ ಕೊಡಬಾರದು. ರಾಜ್ಯಗಳ ಮಾತೂ ಇದಕ್ಕೆ ಹತ್ತಿರ: ಪೊಲೀಸ್ ಮತ್ತು ಸಾರ್ವಜನಿಕ ಸುವ್ಯವಸ್ಥೆ ರಾಜ್ಯ ಪಟ್ಟಿಯ ವಿಷಯ, ಲೆಕ್ಕ ಕೊಡುವುದು ಬೇರೆ, ಹಿಡಿತ ಬಿಟ್ಟುಕೊಡುವುದು ಬೇರೆ.

ಹಕ್ಕುಗಳ ಪರ ಇರುವವರ ಭಯಕ್ಕೆ ಈ ಸೀಮೆಯಲ್ಲಿ ಇತಿಹಾಸದ ಆಧಾರವಿದೆ. ಬ್ರಿಟಿಷರ 1871ರ ಕಾಯ್ದೆ ಇಡೀ ಸಮುದಾಯಗಳನ್ನೇ ಹುಟ್ಟು ಅಪರಾಧಿಗಳೆಂದು ದಾಖಲಿಸಿತು. ಕಾಯ್ದೆ 1952ರಲ್ಲಿ ಹೋಯಿತು, ಅನುಮಾನ ಹೋಗಲಿಲ್ಲ. ಜೈಲಿನ ದಾಖಲೆಗಳಿಂದ ಜಾತಿಯ ಕಾಲಂ ತೆಗೆಯಬೇಕೆಂದು ಸುಪ್ರೀಂ ಕೋರ್ಟ್ ಆದೇಶಿಸಬೇಕಾದದ್ದು 2024ರ ಅಕ್ಟೋಬರ್‌ನಲ್ಲಿ.

ಹಾಗಾದರೆ ತಪ್ಪು ತಿದ್ದಿಸುವ ಹಕ್ಕು ಎಲ್ಲಿದೆ? 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ನಾಗರಿಕರಿಗೆ ತಿದ್ದುಪಡಿಯ ಹಕ್ಕು ಕೊಡುತ್ತದೆ, ಆದರೆ 17ನೇ ಕಲಂನಲ್ಲಿ ಅಪರಾಧ ತನಿಖೆಗೂ ನ್ಯಾಯಾಲಯದ ಕೆಲಸಕ್ಕೂ ವಿನಾಯಿತಿ ಕೊಡುತ್ತದೆ. ಭದ್ರತೆಯ ಹೊಣೆ ಉಳಿಯುತ್ತದೆ, ನಿಖರತೆಯ ಹೊಣೆ ಉಳಿಯುವುದಿಲ್ಲ. ತಪ್ಪು ಮಾಹಿತಿಯನ್ನು ಸುರಕ್ಷಿತವಾಗಿ ಇಟ್ಟುಕೊಂಡರೂ ಕಾಯ್ದೆ ಪಾಲಿಸಿದಂತೆಯೇ. ಸೇತುವೆ ಅಗಲವಾದಷ್ಟೂ ಈ ಕಂದಕ ಆಳವಾಗುತ್ತದೆ, ಏಕೆಂದರೆ ಇಲ್ಲಿಯವರೆಗೆ ಒಂದು ಠಾಣೆಯ ರಿಜಿಸ್ಟರ್‌ನಲ್ಲಿ ಉಳಿಯುತ್ತಿದ್ದ ತಪ್ಪು ಇನ್ನು ದೇಶದ ಎಲ್ಲ ಠಾಣೆಗಳಲ್ಲೂ ಕಾಣುತ್ತದೆ. ಖುಲಾಸೆ ಆದೇಶ ಬಂದು 15 ದಿನದೊಳಗೆ ಪೊಲೀಸ್ ದಾಖಲೆ ತಿದ್ದಬೇಕು, ತಿದ್ದಿದ್ದನ್ನು ಆ ವ್ಯಕ್ತಿಗೆ ತಿಳಿಸಬೇಕು ಎಂಬ ಒಂದು ನಿಯಮಕ್ಕೆ ಸಾವಿರಾರು ಕೋಟಿ ಬೇಕಾಗಿಲ್ಲ. ಹೊಸ ಕಾಲಂ ಸೇರಿಸುವ ಮುನ್ನ ಆಗಬೇಕಾದ ಕೆಲಸ ಅದು.

ನಿಮ್ಮ ಕೇಸು ಪರೀಕ್ಷಿಸಿಕೊಳ್ಳುವುದು ಹೇಗೆ

ಇ-ಕೋರ್ಟ್ಸ್ ಆ್ಯಪ್ ಅಥವಾ ಜಾಲತಾಣದಲ್ಲಿ ಸಿಎನ್‌ಆರ್, ಅಂದರೆ ಪ್ರತಿ ಕೇಸಿಗೂ ಇರುವ ಪ್ರತ್ಯೇಕ ಗುರುತಿನ ಸಂಖ್ಯೆ ಹಾಕಿದರೆ ಕೇಸು ನೇರವಾಗಿ ತೆರೆಯುತ್ತದೆ. ಅದು 16 ಅಕ್ಷರದ್ದು: ಮೊದಲ ಎರಡು ರಾಜ್ಯ, ನಂತರದ ಎರಡು ಜಿಲ್ಲೆ, ಎರಡು ಕೋರ್ಟಿನ ಸಂಕೇತ, ಆರು ಕ್ರಮಸಂಖ್ಯೆ, ನಾಲ್ಕು ವರ್ಷ. ಅದು ಗೊತ್ತಿಲ್ಲದಿದ್ದರೆ ಠಾಣೆ, ಎಫ್‌ಐಆರ್ ಸಂಖ್ಯೆ, ವರ್ಷ ಕೊಟ್ಟು ಹುಡುಕಿ. ಹೀಗೆ ಹುಡುಕಿದಾಗ ಸಿಗದೆ, ಸಿಎನ್‌ಆರ್‌ನಿಂದ ಮಾತ್ರ ಸಿಕ್ಕರೆ ಎಫ್‌ಐಆರ್ ಕೊಂಡಿ ತಪ್ಪಾಗಿ ತುಂಬಿರುವ ಸಾಧ್ಯತೆ ಹೆಚ್ಚು. ಸಲ್ಲಿಸಿದ ದಿನಾಂಕ, ನೋಂದಣಿಯಾದ ದಿನಾಂಕ ಎರಡೂ ಬೇರೆ ಬೇರೆ ಕಾಣುತ್ತವೆ, ಜಾಮೀನಿನ ದಿನ ಎಣಿಸುವಾಗ ನೋಡಬೇಕಾದದ್ದು ಮೊದಲನೆಯದನ್ನು. ಕಮಿಟ್ ಆದ ಕೇಸಿಗೆ ಸಿಸಿ ನಂಬರ್ ಅಡಿಯಲ್ಲಿ 'ವಿಲೇವಾರಿ' ಕಂಡರೆ ಕೇಸು ಮುಗಿಯಿತೆಂದು ತಿಳಿದು ವಾಯಿದೆ ತಪ್ಪಿಸಬೇಡಿ, ಎಸ್‌ಸಿ ನಂಬರ್ ಹುಡುಕಿ. ಹೀಗೆ ತಪ್ಪಿಸಿದವರ ಮೇಲೆ ವಾರಂಟ್ ಹೋಗುತ್ತದೆ.

ಕೋರ್ಟಿನ ದಾಖಲೆಯಲ್ಲೇ ಹೆಸರು, ಕಲಂ ತಪ್ಪಿದ್ದರೆ ವಕೀಲರ ಮೂಲಕ ಆ ಕೋರ್ಟಿಗೇ ಮೆಮೊ ಹಾಕಬೇಕು. ಖುಲಾಸೆಯಾಗಿದ್ದೂ ಪೊಲೀಸ್ ದಾಖಲೆ ಬಾಕಿ ತೋರಿಸಿದರೆ ಮೊದಲು ನಕಲು ವಿಭಾಗದಿಂದ ತೀರ್ಪಿನ ಪ್ರಮಾಣೀಕೃತ ನಕಲನ್ನು ಪಡೆಯಿರಿ. ಅರ್ಜಿಯಲ್ಲಿ ಕ್ರೈಂ ನಂಬರ್, ಸಿಸಿ, ಎಸ್‌ಸಿ, ಸಿಎನ್‌ಆರ್ ನಾಲ್ಕನ್ನೂ ಬರೆದು ಒಂದು ಪ್ರತಿಯನ್ನು ಠಾಣೆಗೆ, ಒಂದನ್ನು ಎಸ್‌ಪಿ ಕಚೇರಿಯ ಅಪರಾಧ ದಾಖಲೆ ವಿಭಾಗಕ್ಕೆ ಕೊಟ್ಟು, ಎರಡಕ್ಕೂ ಸ್ವೀಕೃತಿ ಪಡೆಯಿರಿ. ಠಾಣೆಗೆ ಮಾತ್ರ ಕೊಟ್ಟರೆ ಕಾಗದದ ರಿಜಿಸ್ಟರ್ ತಿದ್ದಿ, ಕಂಪ್ಯೂಟರ್ ಹಾಗೆಯೇ ಉಳಿಯಬಹುದು. ಜೈಲಿನಲ್ಲಿರುವವರ ಪರವಾಗಿ ಮನೆಯವರು ಇದೇ ಕಾಗದಗಳನ್ನು ಕೋರ್ಟ್ ಸಂಕೀರ್ಣದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಕೊಡಬಹುದು. ವಿಚಾರಣಾಧೀನ ಕೈದಿಗಳ ಪರಿಶೀಲನಾ ಸಮಿತಿಯಲ್ಲಿ ಜಿಲ್ಲಾ ನ್ಯಾಯಾಧೀಶರು, ಜಿಲ್ಲಾಧಿಕಾರಿ, ಎಸ್‌ಪಿ, ಜೈಲು ಅಧೀಕ್ಷಕರು ಒಟ್ಟಿಗೆ ಕೂರುತ್ತಾರೆ, ಪ್ರಾಧಿಕಾರದ ಕಾರ್ಯದರ್ಶಿಯೂ ಅದರ ಸದಸ್ಯರು. ಉಚಿತ ಸಹಾಯವಾಣಿ 15100.